ಅಪ್ಪನ ಹೊಟ್ಟೆ ಆಪರೇಷನ್ ರಿಪೋರ್ಟಲ್ಲಿ ಆರ್1 ಅಂತಿದೆ, ಏನರ್ಥ?

ನಮಸ್ಕಾರ, ನಾವು ಬಸವನಗುಡಿಯವ್ರು, ಅಪ್ಪಂಗೆ 64, ಹೋದ ತಿಂಗಳು ಜಠರದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಮುಕ್ಕಾಲು ಹೊಟ್ಟೆ ತೆಗ್ದಿದಾರೆ, ಡಾಕ್ಟ್ರು ಪೂರ್ತಿ ತೆಗ್ದಿದೀವಿ ಅಂದಿದ್ರು ಆದ್ರೆ ನಿನ್ನೆ ರಿಪೋರ್ಟಲ್ಲಿ ಮೇಲಿನ ಮಾರ್ಜಿನ್ ಪಾಸಿಟಿವ್, ಆರ್1 ಅಂತ ಬಂದಿದೆ. ಅಪ್ಪ ಇನ್ನೂ ಎರಡೆರಡೇ ಸ್ಪೂನ್ ರಾಗಿ ಗಂಜಿ ಕುಡೀತಿದಾರೆ, ಮತ್ತೆ ಕೊಯ್ಯೋದು ಅಂದ್ರೆ ಎದೆ ಝಲ್ ಅನ್ನುತ್ತೆ. ಬದುಕೋ ಚಾನ್ಸ್ ಕಮ್ಮಿ ಆಯ್ತಾ?

ಉತ್ತರ 1:
ಗಾಬರಿ ಆಗ್ಬೇಡಿ. ನಾನು ಪ್ಯಾಥಾಲಜಿ ಲ್ಯಾಬಲ್ಲಿರೋದು. ತೆಗೆದ ಭಾಗದ ಅಂಚನ್ನ, ಅಂದ್ರೆ ಮಾರ್ಜಿನ್ನ, ಕಾಗದಕ್ಕಿಂತ ತೆಳ್ಳಗೆ ಕುಯ್ದು ಮೈಕ್ರೋಸ್ಕೋಪಲ್ಲಿ ನೋಡ್ತೀವಿ, ಕ್ಯಾನ್ಸರ್ ಕಣ ಇಲ್ದಿದ್ರೆ ಆರ್0, ಮೈಕ್ರೋಸ್ಕೋಪಲ್ಲಿ ಮಾತ್ರ ಕಂಡ್ರೆ ಆರ್1, ಕಣ್ಣಿಗೇ ಕಾಣೋಷ್ಟು ಉಳಿದಿದ್ರೆ ಆರ್2. ಹಾಗಾಗಿ ಡಾಕ್ಟ್ರು ಸುಳ್ಳು ಹೇಳಿಲ್ಲ. ಕೆಲವು ಕ್ಯಾನ್ಸರ್ ಒಳಪದರದ ಕೆಳಗೇ ಬೇರು ಬಿಟ್ಟಂಗೆ ಹರಡುತ್ತೆ, ಕೈಗೂ ಸಿಗಲ್ಲ, ಅದಕ್ಕೇ ಜಪಾನ್ ಗೈಡ್‌ಲೈನಲ್ಲಿ ಅಂಥದ್ದಕ್ಕೆ ಗಡ್ಡೆಯಿಂದ 5 ಸೆಂ.ಮೀ. ದೂರ ಬಿಟ್ಟು ಕೊಯ್ಯಿರಿ ಅಂತಾರೆ, ಗಡಿ ಸ್ಪಷ್ಟ ಇದ್ರೆ 3 ಸಾಕು.

ಉತ್ತರ 2:
ಆರ್1 ಆದವ್ರಲ್ಲಿ ಸರ್ವೈವಲ್ ಒಟ್ಟಾರೆ ಕಮ್ಮಿ ಅನ್ನೋದು ನಿಜ, ಮುಚ್ಚಿಡಲ್ಲ, ಆದ್ರೆ ಅಷ್ಟೇ ಮುಖ್ಯ ಲಿಂಫ್ ನೋಡ್‌ಗಳು, ಅಂದ್ರೆ ಹೊಟ್ಟೆ ಸುತ್ತ ಇರೋ ಸಣ್ಣ ಗ್ರಂಥಿಗಳು. ಅಲ್ಲಿ ಜಾಸ್ತಿ ಹರಡಿದ್ರೆ ಮಾರ್ಜಿನ್‌ಗೋಸ್ಕರ ಮತ್ತೆ ಕೊಯ್ದು ಲಾಭ ಕಮ್ಮಿ, ಕೀಮೋ ಕಡೆ ಹೋಗ್ತಾರೆ. ನೋಡಲ್ಲಿ ಕಮ್ಮಿ ಇದ್ರೆ, ದೇಹ ತಡ್ಕೊಳ್ಳೋ ಹಂಗಿದ್ರೆ ಮರು ಆಪರೇಷನ್ ಯೋಚಿಸ್ತಾರೆ. ಎಷ್ಟು ನೋಡ್ ಪರೀಕ್ಷೆ ಮಾಡಿದಾರೆ ನೋಡಿ, 16 ಆದ್ರೂ ಇರ್ಬೇಕು.

ಕೇಳಿದವರು:
ಈಗ ನೋಡ್ದೆ, 22ರಲ್ಲಿ 1 ಪಾಸಿಟಿವ್.

ಉತ್ತರ 2:
ನೋಡಲ್ಲಿ ಕಮ್ಮಿನೇ ಇದೆ, ಹಾಗಿದ್ರೆ ಸುಮ್ನೆ ಕೂರ್ಬೇಡಿ, ಸ್ಲೈಡು (ಮೈಕ್ರೋಸ್ಕೋಪಲ್ಲಿ ನೋಡಿದ ಗಾಜು), ಬ್ಲಾಕು (ಮೇಣದಲ್ಲಿಟ್ಟ ತುಂಡು) ಎರಡೂ ಕೇಳಿ ಇಸ್ಕೊಂಡು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೇಲಿ ಸೆಕೆಂಡ್ ಒಪೀನಿಯನ್ ತಗೊಳ್ಳಿ. ನಮ್ಮಮ್ಮಂಗೂ ಹಂಗೇ ಮಾಡಿದ್ವಿ. ಬೆಳಿಗ್ಗೆ ಬೇಗ ಹೋಗಿ, ಹೊಸೂರು ರೋಡ್ ಟ್ರಾಫಿಕ್ ಗೊತ್ತಲ್ಲ, ಅಪ್ಪಂಗೆ ಗಂಜಿ ಫ್ಲಾಸ್ಕಲ್ಲಿ ತಗೊಂಡು ಹೋಗಿ.