ಆಗುಂಬೆ ಇಳಿಯುವ ಮುನ್ನ ಇದನ್ನು ಪೂರ್ತಿ ಕೇಳು, ಅಪ್ಪಿ

ಅಪ್ಪಿ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ಈಗಷ್ಟೇ ಓದಿದೆ. ಬರೆಯುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದವಾದರೂ ಅರ್ಧಕ್ಕೆ ನಿಲ್ಲಿಸಬೇಡ. ನಿನ್ನ ಅಪ್ಪನಿಗೂ, ಅಂದರೆ ನನ್ನ ತಮ್ಮನಿಗೂ, ನಿನ್ನ ಹೆಂಡತಿಗೂ ಕೇಳಿಸುವಂತೆ ಇಡು.

ನೀನು ಬರೆದದ್ದು ಇಷ್ಟು. ನಿನ್ನೆ ಸಂಜೆ ಚಾರ್ಮಾಡಿ ಘಾಟಿ ಇಳಿಯುವಾಗ ಅಣ್ಣಪ್ಪ ಸ್ವಾಮಿಯ ಗುಡಿ ದಾಟಿದ ಮೇಲೆ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬಂತು. ಕೆಳಗೆ ತಲುಪುವ ಹೊತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಎಂದಿಗಿಂತ ಆಳಕ್ಕೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಮತ್ತೆ ಗಟ್ಟಿಯಾಯಿತು. ಈಗ ಧರ್ಮಸ್ಥಳದಲ್ಲಿದ್ದೀರಿ, ನಾಳೆ ಇದೇ ಘಾಟಿ ಹತ್ತಿ ಹೊರನಾಡು, ಅಲ್ಲಿಂದ ಶೃಂಗೇರಿ, ಆಮೇಲೆ ಆಗುಂಬೆ ಇಳಿದು ಉಡುಪಿ. ಆಟೋಮ್ಯಾಟಿಕ್ ಗೇರಿನ ಈ ಹೊಸ ಗಾಡಿಯಲ್ಲಿ ದೋಷ ಇದೆಯೇ, ಮುಂದೆ ಹೋಗಬಹುದೇ ಎಂದು ಕೇಳಿದ್ದೀಯ. ಒಳ್ಳೆಯದು ಮಾಡಿದೆ. ವಾಸನೆ ಹೋಯಿತಲ್ಲ ಎಂದು ಸುಮ್ಮನಿರದೆ ಕೇಳಿದೆಯಲ್ಲ, ಅದೇ ದೊಡ್ಡದು.

ಆದರೆ ಅದರ ಕೆಳಗೆ ನಮ್ಮ ಮೈಸೂರಿನ ಭಾವನ ಮಗ ಏನು ಬರೆದಿದ್ದಾನೆ ನೋಡು. ‘ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕು, ಗೇರ್‌ಬಾಕ್ಸ್‌ಗೂ ವಿಶ್ರಾಂತಿ, ಪೆಟ್ರೋಲೂ ಉಳಿಯುತ್ತದೆ.’ ಅದಕ್ಕೆ ನಾಲ್ಕು ಜನ ಹೆಬ್ಬೆರಳು ಬೇರೆ ಎತ್ತಿದ್ದೀರಿ. ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಅಪ್ಪಿ, ನ್ಯೂಟ್ರಲ್ ಬೇಡ. ಘಾಟಿಯಲ್ಲಿ ಯಾವ ಕಾರಣಕ್ಕೂ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡಬೇಡ. ಯಾರೇ ಹೇಳಲಿ, ಎಷ್ಟೇ ಓದಿದವರು ಹೇಳಲಿ, ಬೇಡ.

ನಮ್ಮ ಅತ್ತೆಯವರ ಬಲಗೈ ನಿಮಗೆಲ್ಲ ನೆನಪಿದೆಯಲ್ಲ? ಜಡೆ ಹಾಕಿಕೊಳ್ಳಲು ಕೂಡ ಆ ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಕೊನೆಯವರೆಗೂ ಅವರ ತಲೆ ಬಾಚಿದವಳು ನಾನು. ಅದು ವಯಸ್ಸಿನಿಂದ ಆದದ್ದು ಎಂದು ನಿಮ್ಮಲ್ಲಿ ಅರ್ಧ ಜನ ಅಂದುಕೊಂಡಿದ್ದೀರಿ. ಅಲ್ಲ. ಅದು ಚಾರ್ಮಾಡಿಯಲ್ಲಿ ಆದದ್ದು, 1998ರಲ್ಲಿ, ನಮ್ಮ ದೊಡ್ಡವನ ಮುಡಿ ಕೊಡಲು ಧರ್ಮಸ್ಥಳಕ್ಕೆ ಹೊರಟಾಗ. ನಿಮ್ಮ ಮಾವನ, ಅಂದರೆ ನಮ್ಮ ಯಜಮಾನರ, ಜೀಪು ಆಗ ರಿಪೇರಿಗೆ ಬಿಟ್ಟಿತ್ತು, ಹಾಗಾಗಿ ಊರಿನವನೊಬ್ಬನ ಬಾಡಿಗೆ ಗಾಡಿ ಹಿಡಿದೆವು. ಡೀಸೆಲ್ ಗಾಡಿ. ಹಿಂದೆ ಎದುರು ಬದುರು ಸೀಟು, ಮೇಲೆ ಕ್ಯಾರಿಯರಿನ ತುಂಬಾ ಸಾಮಾನು. ನಾನು ಡ್ರೈವರಿನ ಬೆನ್ನ ಹಿಂದೆ, ಮಗು ತೊಡೆಯ ಮೇಲೆ, ಅತ್ತೆಯವರು ಕಿಟಕಿಯ ಪಕ್ಕ.

ಇಳಿಜಾರು ಶುರುವಾಗಿ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದೇ ನಿಂತುಹೋಯಿತು. ಗಾಳಿಯ ಸದ್ದು, ಟಯರಿನ ಸದ್ದು ಎರಡೇ. ಕೆಟ್ಟಿತೇ ಎಂದು ಕೇಳಿದೆ. ‘ಇಲ್ಲಮ್ಮ, ಕೀ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೇನೆ, ಕೆಳಗಿನವರೆಗೆ ಡೀಸೆಲ್ ಖರ್ಚಿಲ್ಲ’ ಎಂದ. ಬೇಡಪ್ಪ, ಗೇರಿಗೆ ಹಾಕು ಎಂದು ನಿಮ್ಮ ಮಾವ ಮುಂದಿನ ಸೀಟಿನಿಂದ ಹೇಳಿದರು. ದಿನವೂ ಓಡಾಡುವ ದಾರಿ ಎಂದು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ತಿರುವು ದಾಟಿರಬೇಕು. ಎದುರಿಗೆ ಒಂದು ಲಾರಿ ಹತ್ತಿ ಬರುತ್ತಿತ್ತು. ಇವನು ಬ್ರೇಕ್ ತುಳಿದ. ಪೆಡಲ್ ಕಲ್ಲಾಗಿತ್ತು. ಎಂಜಿನ್ ಓಡುತ್ತಿದ್ದರೆ ಬ್ರೇಕಿಗೆ ಬೂಸ್ಟರಿನ ಸಹಾಯ ಸಿಗುತ್ತದೆ. ಎಂಜಿನ್ ಆಫ್ ಆದರೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಅದು ಖಾಲಿ. ಆಮೇಲೆ ನಿನ್ನ ಕಾಲಿನ ಬಲವೊಂದೇ. ಅವನು ಸೀಟಿನಿಂದ ಎದ್ದೇ ಬಿಟ್ಟ. ಚಪ್ಪಲಿ ಜಾರಿತು, ಬರಿಗಾಲಿನಲ್ಲಿ ಎರಡೂ ಪಾದ ಒತ್ತಿಕೊಂಡು ಪೆಡಲಿನ ಮೇಲೆ ನಿಂತ. ಅವನ ಕುತ್ತಿಗೆಯ ನರಗಳು ಉಬ್ಬಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ನಿಮ್ಮ ಮಾವ ಹ್ಯಾಂಡ್‌ಬ್ರೇಕ್ ಎಳೆದರು, ಸ್ಟೀರಿಂಗನ್ನು ಬೆಟ್ಟದ ಕಡೆಗೆ ತಿರುಗಿಸಿದರು. ಚಕ್ರ ಚರಂಡಿಗೆ ಇಳಿದು ಗಾಡಿ ಬೆಟ್ಟದ ಧರೆಗೆ, ಆ ಮಣ್ಣಿನ ಗೋಡೆಗೆ, ಒರಗಿ ನಿಂತಿತು. ಇನ್ನೊಂದು ಬದಿಯಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅತ್ತೆಯವರು ಕಿಟಕಿಗೆ ಬಡಿದು ಭುಜ ಮುರಿದುಕೊಂಡರು. ಮಗುವಿಗೆ ಏನೂ ಆಗಲಿಲ್ಲ, ಮಂಜುನಾಥನ ದಯೆ.

ಆ ಲಾರಿಯವನು ಇಳಿದು ಬಂದ. ಮೊದಲು ಮಾಡಿದ ಕೆಲಸ ಚಕ್ರಕ್ಕೆ ಕಲ್ಲು ಇಟ್ಟದ್ದು. ಆಮೇಲೆ ನಮ್ಮ ಡ್ರೈವರಿಗೆ ಹೇಳಿದ ಮಾತನ್ನು ನಾನು ಈವರೆಗೂ ಮರೆತಿಲ್ಲ: ‘ಹತ್ತುವ ಗೇರಿನಲ್ಲೇ ಇಳಿಯಬೇಕು ಮಾರಾಯ.’ ಅಷ್ಟೇ ಹೇಳಿದ. ಅತ್ತೆಯವರನ್ನು ತನ್ನ ಲಾರಿಯಲ್ಲೇ ಕೂರಿಸಿಕೊಂಡು ಮೇಲೆ ಕರೆತಂದ. ಅವನ ಊರು ಯಾವುದೆಂದು ಕೇಳುವುದಕ್ಕೂ ಆಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಅಪ್ಪಿ, ನ್ಯೂಟ್ರಲ್ ಬೇಡ. ಈಗಿನ ಗಾಡಿಯಲ್ಲಿ ಎಂಜಿನ್ ಓಡುತ್ತಲೇ ಇರುತ್ತದಲ್ಲ ಎಂದು ಭಾವನ ಮಗ ವಾದಿಸುತ್ತಾನೆ, ನನಗೆ ಗೊತ್ತು. ಓಡುತ್ತಿರಲಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಗಾಡಿಯನ್ನು ಹಿಡಿದುಕೊಳ್ಳುವುದಿಲ್ಲ. ಆರು ಜನ, ಸಾಮಾನು ಎಲ್ಲ ಸೇರಿ ಒಂದೂವರೆ ಟನ್ನಿಗೂ ಮೇಲಿನ ಭಾರ ಬ್ರೇಕಿನ ಮೇಲೊಂದೇ ಬೀಳುತ್ತದೆ. ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಕೂಡ ಸುಳ್ಳು. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಕಾಲು ಎಕ್ಸಲರೇಟರಿನಿಂದ ತೆಗೆದರೆ, ಇಳಿಜಾರಿನಲ್ಲಿ ಇಂಧನವನ್ನು ತಾವೇ ನಿಲ್ಲಿಸುತ್ತವೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಪೆಟ್ರೋಲ್ ಸುಡಲೇಬೇಕು. ಉಳಿಸಲು ಹೋಗಿ ಖರ್ಚು ಮಾಡಿದಂತಾಯಿತು. ಇದನ್ನು ನಮ್ಮ ಚಿಕ್ಕವನು ಚಿತ್ರ ಬರೆದು ನನಗೆ ತೋರಿಸಿದ್ದಾನೆ, ಬೇಕಾದರೆ ಅವನನ್ನೇ ಕೇಳಿ.

ಇನ್ನೊಂದು ಮಾತು ಬಂತು, ಹೇಳಿಯೇ ಬಿಡುತ್ತೇನೆ. ಮನಸ್ಸಿನಲ್ಲಿ ಇಟ್ಟುಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ನಿನ್ನೆ ಮಧ್ಯಾಹ್ನ ನೀವೆಲ್ಲ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ ಚಿತ್ರವನ್ನು ಇದೇ ಗುಂಪಿಗೆ ಹಾಕಿದ್ದೀರಿ. ನೋಡಿದೆ. ಕೊಟ್ಟಿಗೆಹಾರದಿಂದ ನಮ್ಮ ಮನೆಗೆ ಎಷ್ಟು ದೂರ ಅಪ್ಪಿ? ಮಕ್ಕಳು ಅಲ್ಲಿ ಆಡುತ್ತಿದ್ದರೆ ಇಲ್ಲಿಗೆ ಕೂಗು ಕೇಳುವಷ್ಟು ಹತ್ತಿರ ಎಂದು ನಿಮ್ಮ ಮಾವ ಹೇಳುತ್ತಿದ್ದರು. ಅವರು ಇದ್ದಾಗ ನಮ್ಮ ಕಡೆಯ ಒಂದು ಗಾಡಿಯೂ ನಮ್ಮ ಅಂಗಳಕ್ಕೆ ಬಾರದೆ ಘಾಟಿ ಇಳಿದದ್ದಿಲ್ಲ. ಕಾಫಿ ಕುಡಿಸಿ, ಚಕ್ರ ಮುಟ್ಟಿ ನೋಡಿ, ಬ್ರೇಕ್ ಆಯಿಲ್ ಡಬ್ಬಿಗೆ ಟಾರ್ಚ್ ಹಿಡಿದು ನೋಡಿ ಕಳಿಸುತ್ತಿದ್ದರು. ಮಳೆಗಾಲದಲ್ಲಾದರೆ ರಸ್ತೆ ಹೇಗಿದೆ ಎಂದು ಮೊದಲೇ ವಿಚಾರಿಸಿ ಇಡುತ್ತಿದ್ದರು. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಘಾಟಿ ತಿಂಗಳುಗಟ್ಟಲೆ ಮುಚ್ಚಿದಾಗ ನಿಮ್ಮಲ್ಲಿ ಎಷ್ಟು ಜನ ದಾರಿ ಕೇಳಲು ನಮಗೇ ಫೋನ್ ಮಾಡಿದಿರಿ! ಆಗ ಬೇಕಾಗಿದ್ದ ಮನೆ ಈಗ ದಾರಿಗೆ ಅಡ್ಡವಾಯಿತೇ? ಧರ್ಮಸ್ಥಳಕ್ಕೆ ಹೊರಟಿದ್ದೀರಿ ಎಂದು ನಿನ್ನ ಅಪ್ಪ, ನನ್ನ ಒಡಹುಟ್ಟಿದ ತಮ್ಮ, ಒಂದು ಮಾತು ಹೇಳಬಾರದಿತ್ತೇ? ಅವನಿಗೆ ಮಂಡಿ ನೋವು, ನಮ್ಮ ಮನೆಯ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಕಳೆದ ಮದುವೆಯಲ್ಲಿ ಯಾರೋ ಹೇಳಿದರು. ಮೆಟ್ಟಿಲು ಹತ್ತಲಾಗದಿದ್ದರೆ ಅಂಗಳದಲ್ಲೇ ಕುರ್ಚಿ ಹಾಕುತ್ತಿದ್ದೆ. ಹಲಸಿನಕಾಯಿ ಹಪ್ಪಳ ಡಬ್ಬಿಯ ತುಂಬಾ ಮಾಡಿಟ್ಟಿದ್ದೇನೆ. ಯಾರಿಗಾಗಿ? ನಾನೊಬ್ಬಳೇ ಎಷ್ಟು ತಿನ್ನಲಿ?

ಇರಲಿ. ಹೇಳಬೇಕಾದದ್ದನ್ನೇ ಇನ್ನೂ ಹೇಳಿಲ್ಲ. ಒಂದು ಕಾಗದ ತೆಗೆದುಕೊಂಡು ಬರೆದುಕೊ.

ಬರಿಯ ವಾಸನೆ ಬಂದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಚಕ್ರದ ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಕಾದರೆ ವಾಸನೆ ಬರುತ್ತದೆ, ತಣಿದರೆ ಹೋಗುತ್ತದೆ. ಪೆಡಲ್ ಮೆತ್ತಗಾಯಿತು ಎಂದೆಯಲ್ಲ, ಅದು ಬೇರೆ ವಿಷಯ. ಬ್ರೇಕ್ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಆದಾಗ ಹಾಗಾಗುತ್ತದೆ. ಆಯಿಲ್ ಅಮುಕಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನೀನು ತುಳಿದ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದು ಚಕ್ರಕ್ಕೆ ತಲುಪುವುದಿಲ್ಲ. ಹೊಸ ಗಾಡಿ ಎನ್ನುತ್ತೀಯ. ನಿನಗೆ ಹೊಸದು ನಿಜ, ಆದರೆ ಅದು ಮೊದಲಿನವರ ಕೈಯಲ್ಲಿ ಮೂರು ವರ್ಷ ಓಡಿದ ಗಾಡಿಯಲ್ಲವೇ? ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಡಬ್ಬಿಯ ಮೇಲೆ ಅದರ ದರ್ಜೆ ಬರೆದಿರುತ್ತದೆ. ಡಾಟ್ 4 ಎಂದಿದ್ದರೆ ಹೊಸದು ಕಡಿಮೆಯೆಂದರೂ 230 ಡಿಗ್ರಿಯವರೆಗೆ ಕುದಿಯದೆ ತಡೆದುಕೊಳ್ಳಬೇಕು, ತೇವ ಹೀರಿದ್ದಕ್ಕೆ ನಿಗದಿ ಮಾಡಿರುವುದು 155 ಡಿಗ್ರಿ ಮಾತ್ರ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ. ಮೊದಲಿನವರು ಬದಲಿಸಿದ್ದಾರೋ ಇಲ್ಲವೋ ಸರ್ವಿಸ್ ಪುಸ್ತಕ ತೆಗೆದು ನೋಡು. ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ.

ಹಾಗಾಗಿ ನಾಳೆ ಬೆಳಿಗ್ಗೆ ದರ್ಶನ ಮುಗಿದ ಮೇಲೆ ನೇರ ಘಾಟಿಗೆ ಬರಬೇಡ. ಉಜಿರೆಯಲ್ಲೋ ಬೆಳ್ತಂಗಡಿಯಲ್ಲೋ ಒಳ್ಳೆಯ ಗ್ಯಾರೇಜಿಗೆ ಹೋಗು. ಅಲ್ಲಿಯವರೆಗೆ ನಿಧಾನ. ಪೆಡಲ್ ಮತ್ತೆ ಮೆತ್ತಗಾದರೆ ಓಡಿಸಲೇಬೇಡ, ಅವರನ್ನೇ ಕರೆಸು. ಮುಂದಿನ ಚಕ್ರ ಬಿಚ್ಚಿಸಿ ಪ್ಯಾಡ್ ಎಷ್ಟು ಉಳಿದಿದೆ, ಹೊಳೆಯುವ ಗಾಜಿನಂತಾಗಿದೆಯೇ, ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದೆಯೇ, ಎಲ್ಲಾದರೂ ಆಯಿಲ್ ಒಸರುತ್ತಿದೆಯೇ ನೋಡಿಸು. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇದ್ದರೆ ಅದನ್ನೂ ಬಿಚ್ಚಿಸು. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಬ್ರೇಕಿನ ಕೊಳವೆಯೊಳಗಿನ ಗಾಳಿ ತೆಗೆಯಲು ಹೇಳು. ಮೇಲಿನಿಂದ ಒಂದಿಷ್ಟು ತುಂಬಿಸಿ ಸರಿಯಾಯಿತು ಎಂದರೆ ಒಪ್ಪಬೇಡ. ಒಂದು ಹೊತ್ತು ಹೋದರೆ ಹೋಗಲಿ, ಹೊರನಾಡಿನ ಅಮ್ಮ ಕಾಯುತ್ತಾಳೆ.

ಹತ್ತುವಾಗ ಬ್ರೇಕಿನ ಚಿಂತೆ ಕಡಿಮೆ, ಆದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಸಿಯಾಗುತ್ತದೆ. ಮುಂದೆ ಲಾರಿಯ ಸಾಲು ನಿಂತರೆ ಎಕ್ಸಲರೇಟರ್ ಒತ್ತಿ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಬೇಡ, ಬ್ರೇಕ್ ಹಿಡಿ. ಜಾಗ ಬಿಟ್ಟು ನಿಂತು, ಸಾಲು ಚೆನ್ನಾಗಿ ಸರಿದ ಮೇಲೆ ಹೊರಡು.

ಆಗುಂಬೆಯದು ಹದಿನಾಲ್ಕು ತಿರುವು, ಒಂದೊಂದೂ ಕಿರಿದು. ಮೇಲೆ ಸೂರ್ಯಾಸ್ತ ನೋಡುವ ಜನ ರಸ್ತೆಗೇ ಗಾಡಿ ನಿಲ್ಲಿಸಿರುತ್ತಾರೆ, ಕತ್ತಲಾಗುವ ಮೊದಲೇ ಇಳಿದುಬಿಡು. ಇಳಿಜಾರು ಶುರುವಾಗುವ ಮೊದಲೇ ಗೇರ್ ಲಿವರನ್ನು ಡಿಯಿಂದ ಎಂ ಕಡೆಗೆ, ಅಂದರೆ ಗೇರನ್ನು ನೀನೇ ಬದಲಿಸುವ ಕಡೆಗೆ, ತಳ್ಳಿ ಎರಡನೆಯ ಗೇರಿಗೆ ತಾ, ತೀರಾ ಕಡಿದಾದ ತಿರುವಿಗೆ ಒಂದನೆಯದು. ಕೆಲವು ಗಾಡಿಗಳಲ್ಲಿ ಎಲ್ ಎಂದೋ 2 ಎಂದೋ ಇರುತ್ತದೆ, ಕೆಲವದರಲ್ಲಿ ಸ್ಟೀರಿಂಗಿನ ಹಿಂದೆ ಕಿವಿಯಂಥ ಪಟ್ಟಿ ಇರುತ್ತದೆ. ಯಾವ ಗಾಡಿಯೇ ಆಗಲಿ, ಅದರ ಪುಸ್ತಕದಲ್ಲಿ ಇದಕ್ಕೊಂದು ಪುಟ ಇದ್ದೇ ಇರುತ್ತದೆ, ಇವತ್ತು ರಾತ್ರಿಯೇ ಓದು. ಎಂಜಿನ್ ಜೋರಾಗಿ ಕೂಗುತ್ತದೆ, ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಮೂರು ಸಾವಿರ ದಾಟಬಹುದು, ಹೆದರಬೇಡ. ಕೆಂಪು ಗೆರೆ ಮುಟ್ಟದಿದ್ದರೆ ಆಯಿತು. ಅದು ಗಾಡಿಯನ್ನು ಹಿಡಿದುಕೊಂಡಿರುವ ಸದ್ದು. ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿಯಬಾರದು, ನಿನ್ನೆ ಆದದ್ದು ಅದೇ ಇರಬೇಕು. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸು, ಮತ್ತೆ ಪೂರ್ತಿ ಬಿಡು. ಇಳಿಜಾರಿನಲ್ಲಿ ತಾನೇ ವೇಗ ಹಿಡಿದಿಡುವ ಬಟನ್ ಇದೆಯಲ್ಲ ಎಂದು ಅದನ್ನು ಒತ್ತಿ ಕೂರಬೇಡ, ಅದು ಕೂಡ ಬ್ರೇಕನ್ನೇ ಬಳಸುತ್ತದೆ.

ವಾಸನೆ ಬಂದರೆ ಅಗಲವಾದ, ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ ಗೇರನ್ನು ಪಿಗೆ, ಅಂದರೆ ಪಾರ್ಕಿಂಗಿಗೆ, ಹಾಕು, ಚಕ್ರಕ್ಕೆ ಕಲ್ಲು ಇಡು. ಕಾದ ಡಿಸ್ಕಿಗೆ ನೀರು ಹೊಯ್ಯಬೇಡ, ಸೊಟ್ಟಗಾಗುತ್ತದೆ, ಸೀಳಲೂಬಹುದು. ಮಕ್ಕಳು ಚಕ್ರ ಮುಟ್ಟದಂತೆ ನೋಡಿಕೊ. ಟಯರಿನ ಗಾಳಿ ಪೂರ್ತಿ ಜನ ತುಂಬಿದಾಗ ಎಷ್ಟಿರಬೇಕು ಎಂದು ಡ್ರೈವರ್ ಬಾಗಿಲಿನ ಒಳಗಿನ ಚೀಟಿಯಲ್ಲಿದೆ, ಅಷ್ಟು ಹಾಕಿಸು.

ಗ್ಯಾರೇಜಿನವರು ಏನು ಹೇಳಿದರು ಎಂದು ನಾಳೆ ಇದೇ ಗುಂಪಿನಲ್ಲಿ ಹಾಕು, ನನಗೊಬ್ಬಳಿಗೆ ಬೇಡ. ಹೆಬ್ಬೆರಳು ಎತ್ತಿದ ಆ ನಾಲ್ವರೂ ಓದಬೇಕು.