ಕಾರಿನ ಎಂಜಿನ್ ವಿಮಾನದಲ್ಲಿ: ಕೂಲಂಟ್ ಗೇಜಿನ ಮುಳ್ಳನ್ನು ಎಷ್ಟು ನಂಬಬಹುದು?

ಎರಡುಸೀಟು:
ಎಲ್ಲರಿಗೂ ನಮಸ್ಕಾರ. ನಾನೇ ಕಟ್ಟಿದ ಎರಡು ಸೀಟಿನ ಫೈಬರ್‌ಗ್ಲಾಸ್ ವಿಮಾನ ಪರೀಕ್ಷಾ ಹಾರಾಟದ ಹಂತಕ್ಕೆ ಬಂದಿದೆ. ಎಂಜಿನ್ ಸುಬಾರು ಕಾರಿನ ಇಜೆ22. ಬೆಲ್ಟ್ ರಿಡಕ್ಷನ್ (ಎಂಜಿನ್ ವೇಗವನ್ನು ತಗ್ಗಿಸುವ ಬೆಲ್ಟ್) ಮೂಲಕ ಪ್ರೊಪೆಲ್ಲರ್ ತಿರುಗುತ್ತದೆ. ನೆಲದ ಮೇಲೆ ಓಡಿಸುವಾಗ ಕೂಲಂಟ್ (ಎಂಜಿನ್ನನ್ನು ತಣಿಸುವ ದ್ರವ) ತಾಪ 86–88 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿರುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟು ಮೇಲೇರುವಾಗ 108ರವರೆಗೆ ಹೋಗುತ್ತದೆ. ಸಮತಟ್ಟಾಗಿ ಹಾರತೊಡಗಿದರೆ ನಿಧಾನವಾಗಿ 92ಕ್ಕೆ ಇಳಿಯುತ್ತದೆ. ಕಾರಿನಲ್ಲಿದ್ದ ಒಂಟಿ ತಂತಿಯ ಸೆಂಡರನ್ನೇ (ಗೇಜಿಗೆ ತಾಪ ತಿಳಿಸುವ ಸೆನ್ಸರ್) ಗೇಜಿಗೆ ಬಳಸಿದ್ದೇನೆ. ಎರಡೂ ಹೆಡ್‌ಗಳ (ಸಿಲಿಂಡರುಗಳ ತುದಿ ಮುಚ್ಚುವ ಭಾಗಗಳು) ಬಿಸಿ ಕೂಲಂಟ್ ಬಂದು ಸೇರುವ ಅಡ್ಡ ಪೈಪಿನ ಮೇಲೆ ಅದು ಕುಳಿತಿದೆ. ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಮುಳ್ಳು ನಾಲ್ಕೈದು ಡಿಗ್ರಿ ಜಿಗಿಯುತ್ತದೆ. ಕೂಲಂಟ್ ಅರ್ಧ ನೀರು, ಅರ್ಧ ಗ್ಲೈಕಾಲ್; ಒತ್ತಡ ಹಿಡಿದಿಡುವ ಮುಚ್ಚಳ 1 ಬಾರ್‌ನದು. 108 ಅಪಾಯವೇ? ಇನ್ನೊಂದು ತಾಪದ ಸೆನ್ಸರ್ ಹಾಕುವುದಾದರೆ ಎಲ್ಲಿ ಹಾಕಲಿ?

ಹಳೆಯಸ್ಪ್ಯಾನರ್:
ಮೊದಲು ಆ ಜಿಗಿತವನ್ನು ಮುಗಿಸೋಣ. ಲೈಟ್ ಹಾಕಿದ್ದಕ್ಕೆ ಕೂಲಂಟ್ ಬಿಸಿಯಾಗುವುದಿಲ್ಲ. ಒಂಟಿ ತಂತಿಯ ಸೆಂಡರಿಗೆ ಎಂಜಿನ್ ಬ್ಲಾಕೇ ಅರ್ತ್ (ಕರೆಂಟ್ ಮರಳುವ ದಾರಿ). ಫೈಬರ್‌ಗ್ಲಾಸ್ ಮೈಯಲ್ಲಿ ಕರೆಂಟ್ ಹರಿಯದು. ಹಾಗಾಗಿ ಲೈಟು, ಪಂಪು, ಗೇಜು ಎಲ್ಲವೂ ಒಂದೇ ಅರ್ತ್ ತಂತಿಯನ್ನು ಹಂಚಿಕೊಂಡಿರುತ್ತವೆ. ಆ ತಂತಿಯಲ್ಲಿ ಬೀಳುವ ವೋಲ್ಟೇಜನ್ನೇ ಗೇಜು ತಾಪವೆಂದು ಓದುತ್ತಿದೆ. ಗೇಜಿನ ಅರ್ತನ್ನು ಬೇರೆಯಾಗಿ, ನೇರ ಬ್ಲಾಕಿನವರೆಗೆ ಎಳೆಯಿರಿ. ಸೆಂಡರಿನ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಬಿಚ್ಚಿ ತೆಗೆಯಿರಿ, ಅದೂ ಅರ್ತನ್ನು ಕೆಡಿಸುತ್ತದೆ. ಆಮೇಲೆ ಸೆಂಡರನ್ನು ಬಿಚ್ಚಿ, ತಂತಿ ಮತ್ತು ಅರ್ತ್ ಜೋಡಿಸಿದಂತೆಯೇ ಬಿಸಿ ನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಒಳ್ಳೆಯ ಥರ್ಮಾಮೀಟರ್ ಇಟ್ಟು ಹೋಲಿಸಿ. ಇಷ್ಟಾಗುವವರೆಗೆ 108 ಎಂಬುದು ಬರೀ ಒಂದು ಅಂಕಿ.

ಅಂಕಿ ನಿಜವೇ ಎಂದಿಟ್ಟುಕೊಳ್ಳೋಣ. ನಿಮ್ಮ ಮಿಶ್ರಣ ಒತ್ತಡವಿಲ್ಲದೆ, ಸಮುದ್ರಮಟ್ಟದಲ್ಲಿ, ಸುಮಾರು 107 ಡಿಗ್ರಿಗೆ ಕುದಿಯುತ್ತದೆ. 1 ಬಾರ್ ಮುಚ್ಚಳ ಆ ಮಿತಿಯನ್ನು 129ರ ಆಸುಪಾಸಿಗೆ ಏರಿಸುತ್ತದೆ. ಅಂದರೆ 108ರಲ್ಲಿ ನಿಮ್ಮ ಎಂಜಿನ್ನನ್ನು ಕಾಯುತ್ತಿರುವುದು ಆ ಒಂದು ಮುಚ್ಚಳ. ಅದರ ರಬ್ಬರ್ ಬಿರುಕು ಬಿಟ್ಟರೆ, ಹೋಸಿನ ಕ್ಲಿಪ್ ಸಡಿಲವಾದರೆ, ಅದೇ 108ರಲ್ಲಿ ಕೂಲಂಟ್ ಆ ಕ್ಷಣವೇ ಕುದಿಯುತ್ತದೆ. ಎತ್ತರ ಹೆಚ್ಚಿದಂತೆ ಇದು ಇನ್ನೂ ಬಿಗಿಯಾಗುತ್ತದೆ. ಮುಚ್ಚಳ ಹೊರಗಿನ ಗಾಳಿಯ ಒತ್ತಡದ ಮೇಲೆ 1 ಬಾರ್ ಹಿಡಿಯುತ್ತದೆ, ಆ ಹೊರಗಿನ ಒತ್ತಡವೇ ಮೇಲೆ ಕಡಿಮೆ. 10,000 ಅಡಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ.

ಈಗ ನೀವು ಕೇಳದೆ ಇದ್ದ ಮಾತು, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ತಾಪದ ಸೆನ್ಸರ್ ತನ್ನನ್ನು ಸುತ್ತಿರುವ ದ್ರವದ ತಾಪವನ್ನು ಹೇಳುತ್ತದೆ. ಹೋಸ್ ಒಡೆದು ಕೂಲಂಟ್ ಹೊರಗೆ ಚೆಲ್ಲಿದರೆ ಅದು ಹಬೆಯಲ್ಲೋ ಗಾಳಿಯಲ್ಲೋ ನೇತಾಡುತ್ತಿರುತ್ತದೆ. ಮುಳ್ಳು ಇದ್ದಲ್ಲೇ ನಿಲ್ಲಬಹುದು, ಕೆಳಕ್ಕೂ ಇಳಿಯಬಹುದು. ಎಂಜಿನ್ ತಣ್ಣಗಾಗುತ್ತಿದೆ ಎಂದು ಪೈಲಟ್ ಸಮಾಧಾನ ಪಡುವ ಹೊತ್ತಿಗೆ ಹೆಡ್ ಸೊಟ್ಟಗಾಗಿರುತ್ತದೆ. ಆದ್ದರಿಂದ ಎರಡನೆಯ ತಾಪದ ಸೆನ್ಸರಿಗಿಂತ ಮೊದಲು ಕೂಲಂಟ್ ಒತ್ತಡದ ಸೆನ್ಸರ್ ಹಾಕಿ. ಎಂಜಿನ್ ಬಿಸಿಯಾದಂತೆ ಒತ್ತಡ ಏರಬೇಕು. ತಾಪ ಹಾಗೆಯೇ ಇದ್ದು ಒತ್ತಡ ಮಾತ್ರ ಕುಸಿದರೆ ಎಲ್ಲೋ ಸೋರುತ್ತಿದೆ: ಕಣ್ಣೆದುರಿಗೇ ಒಂದು ಕೆಂಪು ದೀಪ ಹೊತ್ತಲಿ, ನೀವು ಇಳಿಯುವ ಜಾಗ ಹುಡುಕಿ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ, ಬಿಸಿಯೇರುವ ಮೊದಲೇ, ಒತ್ತಡ ಮೇಲಕ್ಕೆ ಚಿಮ್ಮಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು) ಮೂಲಕ ಸಿಲಿಂಡರಿನ ಅನಿಲ ಒಳನುಗ್ಗುತ್ತಿದೆ ಎಂದು ಅನುಮಾನಿಸಿ. ಆ ದಿನ ಹಾರಬೇಡಿ.

ತಾಮ್ರತಂತಿ:
ಮೇಲಿನ ಮಾತಿಗೆ ಒಂದು ಸೇರ್ಪಡೆ. ಅಡ್ಡ ಪೈಪಿನಲ್ಲಿ ಎರಡೂ ಕಡೆಯ ಕೂಲಂಟ್ ಬೆರೆತಿರುವುದರಿಂದ ಒಂದೇ ಹೆಡ್‌ನ ತೊಂದರೆ ಅಲ್ಲಿ ಮಸುಕಾಗುತ್ತದೆ. ಎರಡೂ ಹೆಡ್‌ಗಳ ಲೋಹಕ್ಕೆ, ಬೋಲ್ಟಿನ ಅಡಿ ಕೂರುವ ವಾಷರ್ ಮಾದರಿಯ ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿಗಳ ತಾಪದ ಸೆನ್ಸರ್) ಒಂದೊಂದು ಹಾಕಿ. ಕೂಲಂಟ್ ಖಾಲಿಯಾದರೂ ಲೋಹದ ಬಿಸಿಯನ್ನು ಅದು ಹೇಳುತ್ತಲೇ ಇರುತ್ತದೆ. ತಂತಿ ಸಾಲದಿದ್ದರೆ ಕೆ ಟೈಪ್ ತಂತಿಯನ್ನೇ ಸೇರಿಸಿ. ನಡುವೆ ತಾಮ್ರದ ತಂತಿ ಜೋಡಿಸಿದರೆ ಓದುವಿಕೆ ತಪ್ಪುತ್ತದೆ. ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗುವ ಎರಡು ತಂತಿಯ ಸೆನ್ಸರನ್ನು ಮಾತ್ರ ಗೇಜಿನೊಂದಿಗೆ ಹಂಚಿಕೊಳ್ಳಬೇಡಿ. ಇಂಧನದ ಪ್ರಮಾಣ ಅದರ ಮೇಲೆ ನಿಂತಿದೆ.

ಎರಡುಸೀಟು:
ಇಬ್ಬರಿಗೂ ಧನ್ಯವಾದ. ಅರ್ತ್ ಬೇರೆ ಎಳೆದ ಮೇಲೆ ಜಿಗಿತ ನಿಂತಿದೆ, ಬಿಸಿ ನೀರಿನಲ್ಲಿ ಗೇಜು ಥರ್ಮಾಮೀಟರಿಗೆ ಹೊಂದಿತು. ಒತ್ತಡದ ಸೆನ್ಸರ್ ಕೂರಿಸಿದ್ದೇನೆ, ಹೆಡ್‌ಗಳಿಗೆ ಥರ್ಮೋಕಪಲ್ ಇನ್ನಷ್ಟೇ ಹಾಕಬೇಕು. ರೇಡಿಯೇಟರಿನ ಒಳಹೋಗುವ ಮತ್ತು ಹೊರಬರುವ ಹೋಸುಗಳಿಗೂ ತಾಪದ ಸೆನ್ಸರ್ ಕಟ್ಟಿ ಹಾರಿದೆ. ಏರುವಾಗ ಒಳಗೆ 107, ಹೊರಗೆ 104. ವ್ಯತ್ಯಾಸ ಇಷ್ಟು ಕಡಿಮೆ ಇರುವುದು ಒಳ್ಳೆಯದೋ ಕೆಟ್ಟದ್ದೋ?

ಹಳೆಯಸ್ಪ್ಯಾನರ್:
ತಾಪ ಏರುತ್ತಲೇ ಇರುವಾಗ ವ್ಯತ್ಯಾಸ ಇಷ್ಟು ಕಡಿಮೆ ಎಂದರೆ ಕೂಲಂಟ್ ಚೆನ್ನಾಗಿ ಹರಿಯುತ್ತಿದೆ, ರೇಡಿಯೇಟರ್ ಮಾತ್ರ ಬಿಸಿಯನ್ನು ಬಿಟ್ಟುಕೊಡುತ್ತಿಲ್ಲ. ಪಂಪನ್ನು ಮುಟ್ಟಬೇಡಿ, ಗಾಳಿಯ ದಾರಿ ನೋಡಿ. ಬಂದ ಗಾಳಿ ರೇಡಿಯೇಟರಿನ ಅಂಚಿನ ಸಂದುಗಳಲ್ಲಿ ನುಸುಳಿಹೋಗುತ್ತಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಸುತ್ತಲೂ ರಬ್ಬರ್ ಪಟ್ಟಿ ಹಾಕಿ ಮುಚ್ಚಿ. ಆಮೇಲೆ ಗಾಳಿ ಹೊರಹೋಗುವ ಬಾಯಿ ಸಾಕಷ್ಟು ದೊಡ್ಡದಿದೆಯೇ ನೋಡಿ. ಎಲ್ಲರೂ ಒಳಬರುವ ಬಾಯಿಯನ್ನು ಅಗಲಿಸುತ್ತಾರೆ, ಹೊರಹೋಗುವ ಕಡೆ ಕಟ್ಟಿಕೊಂಡಿದ್ದರೆ ಅದರಿಂದ ಫಲವಿಲ್ಲ. ಅಲ್ಲಿಯವರೆಗೆ ಏರುವಾಗ ಮೂತಿ ಸ್ವಲ್ಪ ತಗ್ಗಿಸಿ ವೇಗ ಹೆಚ್ಚಿಟ್ಟುಕೊಳ್ಳಿ. 105 ದಾಟಿದರೆ ಥ್ರಾಟಲ್ ಇಳಿಸಿ ಸಮತಟ್ಟಾಗಿ ಹಾರಿ, 95ಕ್ಕೆ ಬಂದ ಮೇಲೆ ಮತ್ತೆ ಏರಿ. ಸಂದುಗಳನ್ನು ಮುಚ್ಚಿದ ಮೇಲೆ ಇದೇ ಎರಡು ಓದುವಿಕೆಗಳ ಜೊತೆಗೆ ಒತ್ತಡದ ಅಂಕಿಯನ್ನೂ ಇಲ್ಲಿ ಹಾಕಿ, ನೋಡೋಣ.