ಮಾವ ಹಾಕಿದ ನಾಡಿಬಡಿತದ ಕೋಷ್ಟಕ

ಮಾವ: ಈ ಕೋಷ್ಟಕವನ್ನು ಓಡುವವರೆಲ್ಲ ಉಳಿಸಿಟ್ಟುಕೊಳ್ಳಿ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ. ನನಗೆ 60, ಹಾಗಾಗಿ 160. ಅದರ ಶೇ 85, ಅಂದರೆ 136 ದಾಟದಂತೆ ಇಡೀ ಮ್ಯಾರಥಾನ್ ಓಡುತ್ತೇನೆ.

ನಾನು: ಮಾವ, ಆ 160 ನಿಮ್ಮದೇ ಎಂದು ಹೇಗೆ ನಂಬುವುದು? ಸೂತ್ರ ಕೊಡುವುದು ಸರಾಸರಿ. ಒಂದೇ ವಯಸ್ಸಿನ ಇಬ್ಬರ ನಡುವೆ 20 ಬಡಿತಗಳ ಅಂತರ ಅಪರೂಪವೇನಲ್ಲ. 2001ರಲ್ಲಿ ಸಂಶೋಧಕ ತನಾಕ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ 208ರಿಂದ ವಯಸ್ಸಿನ 0.7 ಪಾಲು ಕಳೆದರೆ ನಿಮಗೆ 166 ಬರುತ್ತದೆ. ಅದೂ ಸರಾಸರಿಯೇ.

ಅಕ್ಕ: ಹಾಗಾದರೆ ಬಡಿತ ತೋರಿಸುವ ಕೈಗಡಿಯಾರ ಬಿಚ್ಚಿಟ್ಟು ಓಡಬೇಕೇ? ಬಡಿತ ನೋಡತೊಡಗಿದ ಮೇಲೆಯೇ ನನ್ನ ನಿಧಾನದ ಓಟಗಳು ನಿಜಕ್ಕೂ ನಿಧಾನವಾದವು.

ನಾನು: ಅಭ್ಯಾಸಕ್ಕೆ ಬೇಡ ಎನ್ನುತ್ತಿಲ್ಲ, ಅಕ್ಕ. ಹಗುರವಾಗಿ ಓಡಬೇಕಾದ ದಿನ ಅದಕ್ಕಿಂತ ಒಳ್ಳೆಯ ಕಡಿವಾಣವಿಲ್ಲ. ನನ್ನ ತಕರಾರು ಸ್ಪರ್ಧೆಯ ದಿನ 42.195 ಕಿ.ಮೀ. ಉದ್ದಕ್ಕೂ ಒಂದೇ ಸಂಖ್ಯೆಗೆ ಜೋತುಬೀಳುವುದರ ಬಗ್ಗೆ. ಬೆವರಿ ನೀರು ಹೋದಂತೆ ಹೃದಯ ಪ್ರತಿ ಬಡಿತಕ್ಕೆ ದೂಡುವ ರಕ್ತ ಕಡಿಮೆಯಾಗುತ್ತದೆ. ಮೈ ತಣಿಸಲು ಚರ್ಮಕ್ಕೂ ರಕ್ತ ಹರಿಯಬೇಕು. ವೇಗ ಅಷ್ಟೇ ಇದ್ದರೂ ಬಡಿತ ಏರುತ್ತ ಹೋಗುತ್ತದೆ. 10ನೇ ಕಿ.ಮೀ.ಯಲ್ಲಿ 136 ಇದ್ದದ್ದು 30ರ ಹೊತ್ತಿಗೆ 145 ಆದರೆ, ಅದನ್ನು ಮತ್ತೆ 136ಕ್ಕೆ ಎಳೆಯಲು ಹೊರಟವರು ನಡೆಯಬೇಕಾದೀತು.

ಮಾವ: ಏರಿದ ಬಡಿತ ದೇಹ ಕೊಡುವ ಎಚ್ಚರಿಕೆ ಅಲ್ಲವೇನು? ಅದನ್ನು ಕೇಳಬೇಡ ಎನ್ನುತ್ತೀಯಾ?

ಅಕ್ಕ: ಮಾವನ ಮಾತಿನಲ್ಲಿ ಹುರುಳಿದೆ. ಸೆಕೆಯಲ್ಲಿ ಏರುವ ಬಡಿತ ಸುಳ್ಳಲ್ಲ, ಹೃದಯದ ಮೇಲಿನ ಹೊರೆಯೇ ಅದು. ಆದರೆ ಗಡಿಯಾರ ಸುಳ್ಳು ಹೇಳಬಹುದು. ಮೊನ್ನೆ ಹಗುರವಾಗಿ ಓಡುತ್ತಿದ್ದಾಗ 172 ತೋರಿಸಿತು. ನಿಂತು, ಕೊರಳಿಗೆ ಬೆರಳೊತ್ತಿ 15 ಸೆಕೆಂಡು ಎಣಿಸಿದರೆ 33, ಅಂದರೆ ನಿಮಿಷಕ್ಕೆ 132. ನನ್ನ ಹೆಜ್ಜೆಗಳ ಲಯವನ್ನೇ ಬಡಿತವೆಂದು ಲೆಕ್ಕ ಹಾಕಿತ್ತು! ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಹಾಗಾಗಿ ಅದು ಹೆಚ್ಚು ನಂಬಿಕೆಗೆ ಅರ್ಹ.

ನಾನು: ಸೆಕೆಯಿದ್ದರೆ ಮೊದಲಿನಿಂದಲೇ ನಿಧಾನ ಓಡಬೇಕು, ಒಪ್ಪಿದೆ. ಎದೆನೋವು, ತಲೆಸುತ್ತು ಬಂದರೆ ಸಂಖ್ಯೆ ಎಷ್ಟೇ ಇರಲಿ, ನಿಲ್ಲಲೇಬೇಕು. ಇನ್ನೊಂದು ಮಾತು, ಮಾವ. ನಿಮ್ಮ ರಕ್ತದೊತ್ತಡದ ಮಾತ್ರೆ ಯಾವುದು? ಬೀಟಾ ಬ್ಲಾಕರ್ ಆಗಿದ್ದರೆ ಅದು ಬಡಿತವನ್ನೇ ತಗ್ಗಿಸುತ್ತದೆ. ಆಗ ಈ ಕೋಷ್ಟಕ ನಿಮ್ಮ ಮಟ್ಟಿಗೆ ಕೆಲಸಕ್ಕೆ ಬಾರದು. ನಿಮಗೆ ಸುಲಭವಲ್ಲದ ಶ್ರಮವನ್ನೂ ಅದು ಸುಲಭವೆಂದು ತೋರಿಸೀತು. ನನಗೆ ಚಿಂತೆ ಅದೇ.

ಮಾವ: ಚೀಟಿ ನೋಡಿದೆ. ಬೀಟಾ ಬ್ಲಾಕರೇ. ವೈದ್ಯರನ್ನು ಕೇಳುವವರೆಗೆ ಉಸಿರು ನೋಡಿಕೊಂಡು, ಮಾತನಾಡಲು ಆಗುವಷ್ಟೇ ವೇಗದಲ್ಲಿ ಓಡುತ್ತೇನೆ. ಆದರೆ ಸ್ಪರ್ಧೆಯ ಮೊದಲರ್ಧಕ್ಕೆ ನನಗೊಂದು ಮಿತಿ ಬೇಕೇ ಬೇಕು.

ನಾನು: ಖಂಡಿತ ಬೇಕು. ಕಾಲು ಹಗುರವೆನಿಸಿ ವೇಗ ಮೀರುವುದು ಆಗಲೇ. ಆದರೆ ಅದು ಕೋಷ್ಟಕದಿಂದ ಬರುವುದು ಬೇಡ, ನಿಮ್ಮ ದೀರ್ಘ ಓಟಗಳ ದಾಖಲೆ ನೋಡಿ ಗೊತ್ತುಮಾಡೋಣ.